ಮೆಟ್ಟಿಲು ಹತ್ತಿ ಬನ್ನಿ, ನಡೆಯಲು ಕಲಿಸುತ್ತೇವೆ

ನಮ್ಮ ಭಾವನಿಗೆ ಪಾರ್ಶ್ವವಾಯು ಬಡಿದು ಎಡಗಾಲು ಮುಷ್ಕರ ಹೂಡಿ ಮೂರು ತಿಂಗಳಾಯಿತು. ಮಂಗಳೂರಿನಲ್ಲಿ ಒಂದು 'ವೆಲ್‌ನೆಸ್ ಮತ್ತು ರಿಹ್ಯಾಬ್' ಉಂಟು, ಹಿಂದೆ ಬರೀ ಆಸ್ಪತ್ರೆಯಾಗಿತ್ತು, ಈಗ ಭಾರೀ ಚಂದ ಮಾಡಿದ್ದಾರೆ ಅಂತ ಯಾರೋ ಹೇಳಿದರು. ಹೋದೆವು.

ಬಾಗಿಲಿಗೂ ಮೊದಲು ಎಂಟು ಮೆಟ್ಟಿಲು. ಗ್ರಾನೈಟ್, ಆಗಷ್ಟೇ ಒರೆಸಿದ್ದು. ಪಕ್ಕದಲ್ಲಿ ರ‍್ಯಾಂಪ್ ಇತ್ತು, ಅದರ ಮೇಲೆ ಐದು ಹೂಕುಂಡ. ಕುಂಡ ತೆಗೆದರೂ ಪ್ರಯೋಜನ ಇರಲಿಲ್ಲ ಅನ್ನಿ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಅನ್ನುತ್ತದೆ ನಿಯಮ. ಇಲ್ಲಿ ನಾಲ್ಕಡಿ ಎತ್ತರಕ್ಕೆ ಐದಡಿ. ಗಾಲಿಕುರ್ಚಿ ಬಿಡಿ, ಉಡ ಕೂಡ ಹಗ್ಗ ಕೇಳೀತು.

"ಲಿಫ್ಟ್ ಉಂಟಲ್ಲ ಸರ್, ಒಳಗೆ" ಅಂದರು ಸೆಕ್ಯೂರಿಟಿಯವರು.

"ಒಳಗೆ ಹೋಗುವುದು ಹೇಗೆ?"

"ಮೆಟ್ಟಿಲು ಹತ್ತಿ."

ನಾಲ್ವರು ಸೇರಿ ಭಾವನನ್ನು ದೇವರ ಪಲ್ಲಕ್ಕಿಯಂತೆ ಹೊತ್ತೆವು. ಒಳಗೆ ಮಜ್ಜಿಗೆಹುಲ್ಲಿನ ಪರಿಮಳ, ಕೊಳಲಿನ ಸಂಗೀತ, ಕಂಚಿನ ಉರುಳಿಯಲ್ಲಿ ತೇಲುವ ದಾಸವಾಳ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ಪ್ಯಾಕೇಜು. ಪ್ಲಾಟಿನಂ ತೆಗೆದುಕೊಂಡರೆ ಸಮುದ್ರ ನೋಡುತ್ತಾ ವ್ಯಾಯಾಮ.

"ಸಮುದ್ರ ಹುಟ್ಟಿದಾಗಿಂದ ನೋಡ್ತಾ ಇದ್ದೇನೆ ಮಾರಾಯ್ತಿ. ಈ ಕಾಲಿಗೆ ಎಂತ ಮಾಡ್ತೀರಿ?" ಅಂದರು ಭಾವ.

ಫಿಸಿಯೋಥೆರಪಿಯವರು ಮಂಗಳವಾರ, ಶುಕ್ರವಾರ ಮಾತ್ರ ಬರುವುದಂತೆ. ಮುಖಕ್ಕೆ ಮುಳ್ಳುಸೌತೆ ಇಡುವವರು ದಿನಾ ಇರುತ್ತಾರೆ.

ಇದೇ ಕತೆ ಅಮೆರಿಕದಲ್ಲಿ ಉಲ್ಟಾ ನಡೆದಿತ್ತು. ಜಾರ್ಜಿಯಾದಲ್ಲಿ ಬುಲಕ್‌ವಿಲ್ ಅಂತ ಪುಟ್ಟ ಊರು. ಸುಮಾರು 31 ಡಿಗ್ರಿ ಬೆಚ್ಚಗಿನ ಬುಗ್ಗೆ ನೀರು, ನಮ್ಮ ಬಚ್ಚಲ ಹಂಡೆಗೆ ಹೋಲಿಸಿದರೆ ತಣ್ಣೀರೇ. ಬೇಸಿಗೆಯಲ್ಲಿ ದುಡ್ಡಿದ್ದವರು ಬಂದು ಮೈ ನೆನೆಸುವ ಹೋಟೆಲು. 1924ರಲ್ಲಿ ಊರಿಗೆ ವಾರ್ಮ್ ಸ್ಪ್ರಿಂಗ್ಸ್ ಅಂತ ಹೆಸರಾಯಿತು. ಅದೇ ವರ್ಷ ಅಲ್ಲಿಗೆ ಬಂದವರು ಮುಂದೆ ಅಮೆರಿಕದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್. 39ನೇ ವಯಸ್ಸಿನಲ್ಲಿ ಪೋಲಿಯೊ ಬಂದು ಕಾಲು ಸೋತಿತ್ತು. ನೀರು ಕಾಯಿಲೆ ವಾಸಿ ಮಾಡಲಿಲ್ಲ. ಆದರೆ ನೆಲದ ಮೇಲೆ ಅಲುಗದ ಕಾಲು ನೀರಲ್ಲಿ ತೇಲಿ ಸ್ವಲ್ಪ ಮಾತು ಕೇಳುತ್ತಿತ್ತು. ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಕಂಡಕಂಡ ಕಡೆಯಿಂದ ಪೋಲಿಯೊ ರೋಗಿಗಳು ಬಂದಿಳಿದರು. ಹೋಟೆಲಿನ ಅತಿಥಿಗಳಿಗೆ ಸಿಟ್ಟು. ಇವರ ಜೊತೆ ಊಟಕ್ಕೆ ಕೂರುವುದೇ, ಒಂದೇ ಕೊಳಕ್ಕೆ ಇಳಿಯುವುದೇ?

ಆ ಮನುಷ್ಯ ಅತಿಥಿಗಳನ್ನು ಸಮಾಧಾನ ಮಾಡುವ ಬದಲು 1926ರಲ್ಲಿ ಜಾಗವನ್ನೇ ಕೊಂಡರು. ಆಸ್ತಿಯ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಯಿತು. ಮರುವರ್ಷ ಪ್ರತಿಷ್ಠಾನ ಕಟ್ಟಿ ಸ್ಪಾವನ್ನು ಪುನಶ್ಚೇತನ ಆಸ್ಪತ್ರೆ ಮಾಡಿದರು. ಹಾಗಂತ ಅಲ್ಲಿಯೂ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಕಪ್ಪು ಜನರ ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಅವರಿಗಾಗಿ ಪಕ್ಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಪೋಲಿಯೊ ಕೇಂದ್ರ ತೆರೆದದ್ದು 1941ರಲ್ಲಿ. ಮೆಟ್ಟಿಲು ಕಲ್ಲಿನದ್ದೇ ಆಗಬೇಕೆಂದಿಲ್ಲವಲ್ಲ.

ನಮ್ಮಲ್ಲಿ ಆಸ್ಪತ್ರೆಯೇ ಸ್ಪಾ ಆಗಿದೆ. ರೋಗಿಗಳು ಬಂದರೆ ನೋಟ ಹಾಳು ಅಂತ ಅನಿಸಿರಬೇಕು, ಹೂಕುಂಡ ಇಟ್ಟಿದ್ದಾರೆ.

ಪ್ಯಾಕೇಜು ಬೇಡ ಅಂತ ಭಾವನನ್ನು ಮತ್ತೆ ಹೊತ್ತು ಇಳಿದೆವು. ಸೆಕ್ಯೂರಿಟಿಯವರು ಪೈಪು ಹಿಡಿದು ರ‍್ಯಾಂಪಿನ ಕುಂಡಗಳಿಗೆ ನೀರು ಬಿಡುತ್ತಿದ್ದರು. ಒಂದೊಂದಕ್ಕೂ ಎರಡೆರಡು ನಿಮಿಷ, ಎಲೆಯ ಧೂಳನ್ನೂ ತೊಳೆದು.

ಭಾವ ನಮ್ಮ ಹೆಗಲ ಮೇಲಿಂದಲೇ ನೋಡಿದರು. "ಇವಕ್ಕೆ ಪ್ಲಾಟಿನಂ ಇರಬೇಕು" ಅಂದರು.