ಗಂಡಿನ ಕಡೆಗೆ ಗ್ಲೋ ಬರಲಿಲ್ಲ

ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ತೆಗೆದ ಮದುವೆ ವಿಡಿಯೊಗೆ ಮೇಲಿಂದ ಇನ್ನಷ್ಟು ಹೊಳಪು ಹಚ್ಚಬೇಕು ಅಂತ ಮೊದಲು ಯಾರಿಗೆ ಅನಿಸಿತೋ! ಈಗಂತೂ ಅದು ಶಾಸ್ತ್ರವೇ ಆಗಿಬಿಟ್ಟಿದೆ. ಅಕ್ಕಿಕಾಳು ಬಿದ್ದರೆ ಸಾಲದು, ಅದು ಹೊಳೆಯುತ್ತಾ ಬೀಳಬೇಕು. "ಸ್ವಲ್ಪ ಲೈಟ್ ಹೊಡೀರಿ" ಅಂತ ಗಿರಾಕಿಗಳೇ ಹೇಳಿ ಹೋಗುತ್ತಾರೆ.

ನಾನು ಸೂಪರ್ ಮಾರ್ಕೆಟ್ ಹತ್ತಿರ ಒಂದು ಫೋಟೊ ಸ್ಟುಡಿಯೊದ ಮೇಲಿನ ಕೋಣೆಯಲ್ಲಿ ಎಡಿಟಿಂಗ್ ಮಾಡುವವನು. ಆಫ್ಟರ್ ಎಫೆಕ್ಟ್ಸ್ ಅನ್ನೋ ವಿಡಿಯೊ ಸಾಫ್ಟ್‌ವೇರಿನಲ್ಲಿ ಒಂದೊಂದು ಕ್ಲಿಪ್ಪೂ ಒಂದೊಂದು ಲೇಯರ್. ಬುಟ್ಟಿಯಲ್ಲಿ ಜೋಳದ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಲೇಯರಿಗೂ ಅದೇ ಮೂರು ಎಫೆಕ್ಟ್. ಬಣ್ಣ ಸರಿ ಮಾಡೋದು, ಚೂರು ಮಸುಕು ಮಾಡೋ ಬ್ಲರ್, ಆಮೇಲೆ ಹೊಳಪು ಕೊಡೋ ಗ್ಲೋ. 80 ಲೇಯರ್ ಇದ್ದರೆ 240 ಸಲ ಅದೇ ಕೆಲಸ. ಬೇಸರ ಬಂದು ಎರಡು ವಾರ ಕೂತು ಒಂದು ಸ್ಕ್ರಿಪ್ಟ್, ಅಂದರೆ ಈ ಕೆಲಸವನ್ನು ತಾನೇ ಮಾಡೋ ಪುಟ್ಟ ಪ್ರೋಗ್ರಾಂ, ಬರೆದೆ. ಲೇಯರ್ ಆರಿಸಿ ಒಂದು ಬಟನ್ ಒತ್ತಿದರೆ ಮೂರೂ ಎಫೆಕ್ಟ್ ತಾವೇ ಹೋಗಿ ಕೂರುತ್ತವೆ.

ಮೊದಮೊದಲು ಮೇಲಿನ ಒಂದು ಲೇಯರ್ ಬಿಟ್ಟೇ ಹೋಗುತ್ತಿತ್ತು. ಟೈಮ್‌ಲೈನಿನಲ್ಲಿ ಲೇಯರುಗಳ ನಂಬರ್ 1ರಿಂದ ಶುರು. ಆದರೆ ಸ್ಕ್ರಿಪ್ಟಿಗೆ ಸಿಗುವ ಆರಿಸಿದ ಲೇಯರುಗಳ ಪಟ್ಟಿಯಲ್ಲಿ ಎಣಿಕೆ 0ಯಿಂದ. ನಾನು ಎರಡೂ ಕಡೆ 1 ಅಂದುಕೊಂಡಿದ್ದೆ, ಹಾಗಾಗಿ 0ಯಲ್ಲಿದ್ದ ಮೊದಲನೆಯದು ತಪ್ಪಿಹೋಗುತ್ತಿತ್ತು. ಅದು ತಿಳಿಯುವವರೆಗೆ ಎರಡು ದಿನ ಆ ಮೇಲಿನ ಲೇಯರಿನ ಗಣಪತಿಯೊಬ್ಬ ಹೊಳೆಯದೆ ಕೂತಿದ್ದ.

ಎಲ್ಲಕ್ಕೂ ಮೇಲೆ ಒಂದು ಅಡ್ಜಸ್ಟ್‌ಮೆಂಟ್ ಲೇಯರ್ ಅನ್ನೋ ಖಾಲಿ ಲೇಯರ್ ಹಾಕಿ ಅದಕ್ಕೆ ಗ್ಲೋ ಕೊಟ್ಟರೆ ಕೆಳಗಿನ ಎಲ್ಲದಕ್ಕೂ ಹತ್ತುತ್ತದಲ್ಲ, ಸ್ಕ್ರಿಪ್ಟ್ ಯಾಕೆ ಬೇಕಿತ್ತು ಅಂತ ಬಲ್ಲವರು ಕೇಳಬಹುದು. ಬರೆದು ಮುಗಿಸಿದ ಮೇಲೆ ನನಗೂ ಆ ಪ್ರಶ್ನೆ ಬಂತು. ಯಾರಿಗೂ ಹೇಳಲಿಲ್ಲ.

ಇಲ್ಲಿಯವರೆಗೆ ಎಲ್ಲ ಸುಖವಾಗಿಯೇ ಇತ್ತು. ಒಂದು ದಿನ ಬೀದರಿಗೆ, ಸಂಬಂಧಿಕರ ಮನೆ ಕಾರ್ಯಕ್ಕೆ ಹೋಗಬೇಕಾಯಿತು. ಕೈಕೆಳಗಿನ ಹುಡುಗನಿಗೆ ಒಂದು ಚೀಟಿ ಬರೆದಿಟ್ಟೆ. "ಲೇಯರ್ ಸೆಲೆಕ್ಟ್ ಮಾಡು. ಬಟನ್ ಒತ್ತು. ಸ್ಯಾಂಪಲ್ ಮನೆಯವರಿಗೆ ಕಳಿಸು." ಎಷ್ಟು ಚೊಕ್ಕ ಬರೆದೆನಲ್ಲ ಅಂತ ಬಸ್ಸಿನಲ್ಲಿ ಹುಮನಾಬಾದ್ ತನಕ ಖುಷಿಯಾಗಿದ್ದೆ. ಹುಮನಾಬಾದಿನಲ್ಲಿ ಫೋನ್ ಬಂತು.

"ಅಣ್ಣಾ, ಹೆಣ್ಣಿನ ಕಡಿಯವರು ಭಾಳ ಛಂದ ಬಂದಾರ್ರಿ. ಗಂಡಿನ ಕಡಿಯವರು ಕತ್ತಲಾಗ ಅದಾರ."

"ಎಷ್ಟು ಸಲ ಒತ್ತಿದಿ?"

"ನಾಕು ಸಲ ರಿ."

"ನಾಕು ಯಾಕೋ?"

"ಒಮ್ಮೆ ಒತ್ತಿದ್ರ ಗಂಡಿನ ಕಡಿ ಹೊಳೀಲಿಲ್ಲ. ಅದಕ್ಕ."

ಬಸ್ಸಿನಲ್ಲೇ ಕಣ್ಣು ಮುಚ್ಚಿ ಯೋಚಿಸಿದೆ. ಯಾವ ಲೇಯರ್ ಅಂತ ಚೀಟಿಯಲ್ಲಿ ಇರಲಿಲ್ಲ. ಹುಡುಗ ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿದ್ದಾನೆ. ಮೇಲೆ ಹೆಣ್ಣಿನ ಕಡೆಯ ಕ್ಲಿಪ್ಪುಗಳು, ಕೆಳಗೆ ಗಂಡಿನ ಕಡೆಯವು, ನಡುವೆ ಶಹನಾಯಿ. ಶಹನಾಯಿ ಬರೀ ಆಡಿಯೊ, ಅದಕ್ಕೆ ಗ್ಲೋ ಎಲ್ಲಿಂದ ಹಚ್ಚೋದು? ಸ್ಕ್ರಿಪ್ಟ್ ಮೇಲಿಂದ ಇಳಿಯುತ್ತಾ ಬಂದು, ಶಹನಾಯಿಗೆ ಮುಗ್ಗರಿಸಿ, ಇಂಗ್ಲಿಷಿನಲ್ಲಿ ಏನೋ ಗೊಣಗಿ ನಿಂತಿದೆ. ಹುಡುಗ ಓಕೆ ಒತ್ತಿದ್ದಾನೆ. ನಾಲ್ಕೂ ಸಲ. ಲೇಯರಿನ ಮೇಲೆ ಆಗಲೇ ಗ್ಲೋ ಇದೆಯಾ ಅಂತ ನೋಡುವ ಬುದ್ಧಿಯನ್ನು ನಾನು ಸ್ಕ್ರಿಪ್ಟಿಗೆ ಕೊಟ್ಟಿರಲಿಲ್ಲ. ಹೆಣ್ಣಿನ ಕಡೆಗೆ ನಾಲ್ಕು ಪಟ್ಟು, ಗಂಡಿನ ಕಡೆಗೆ ಸೊನ್ನೆ.

"ಕಂಟ್ರೋಲ್ ಝಡ್ ಒತ್ತು, ಮಾಡಿದ್ದು ಹಿಂದಕ್ಕ ಬರ್ತದ."

"ಒತ್ತೀನ್ರಿ. ಮೂವತ್ತೆರಡಕ್ಕ ನಿಂತದ."

ಅದೂ ನನ್ನದೇ ತಪ್ಪು. ಇಡೀ ಕೆಲಸವನ್ನು ಒಂದೇ ಗಂಟು ಕಟ್ಟಿ, ಒಂದೇ ಸಲಕ್ಕೆ ಹಿಂದಕ್ಕೆ ತರುವಂತೆ ಮಾಡೋಕೆ ಎರಡು ಸಾಲು ಸೇರಿಸಿದರೆ ಸಾಕಿತ್ತು. ಸೇರಿಸಿರಲಿಲ್ಲ. ಹಾಗಾಗಿ ಒಂದೊಂದು ಎಫೆಕ್ಟೂ ಬೇರೆ ಬೇರೆ ಲೆಕ್ಕ. ನಮ್ಮ ಸೆಟ್ಟಿಂಗಿನಲ್ಲಿ 32 ಹೆಜ್ಜೆಗಿಂತ ಹಿಂದೆ ಹೋಗೋ ಹಾಗಿಲ್ಲ.

ರಾತ್ರಿ ವಾಪಸ್ ಬಂದು ನೋಡಿದೆ. ಗ್ಲೋ ಎಫೆಕ್ಟ್ ಚಿತ್ರದಲ್ಲಿ ಬೆಳ್ಳಗಿರೋದನ್ನು ಹುಡುಕಿ, ಅದನ್ನೂ ಅದರ ಸುತ್ತಲಿನದನ್ನೂ ಇನ್ನಷ್ಟು ಬೆಳಗಿಸುತ್ತದೆ. ಮದುಮಗಳ ಹಣೆಯ ಬಾಸಿಂಗ ಟ್ಯೂಬ್‌ಲೈಟ್ ಆಗಿತ್ತು. ಅದರ ಕೆಳಗೆ ಮೂಗುತಿ ಇತ್ತು, ಮೂಗು ಇರಲಿಲ್ಲ. ಸೋದರಮಾವನ ಬಿಳಿ ಅಂಗಿ ಉರಿದು, ಆ ಬೆಳಕಿನ ನಡುವೆ ಅವರ ಮೀಸೆ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಗಂಡಿನ ಕಡೆಯವರು ಪಾಪ, ಇದ್ದ ಹಾಗೇ ಇದ್ದರು. ಆದರೆ ಈ ಬೆಳಕಿನ ಹಿಂದೆಯೇ ಬಂದಿದ್ದಕ್ಕೆ ಕರೆಂಟ್ ಹೋದ ಮನೆಯವರ ಹಾಗೆ ಕಾಣುತ್ತಿದ್ದರು.

ಅವತ್ತೇ ಸರಿಯಾದ ಕೈಪಿಡಿ ಬರೆಯಲು ಕೂತೆ. ಈ ಸಲ ಅಚ್ಚ ಕನ್ನಡದಲ್ಲಿ. ಲೇಯರಿಗೆ ಪದರ, ಎಫೆಕ್ಟಿಗೆ ಪರಿಣಾಮ. ಅಡ್ಜಸ್ಟ್‌ಮೆಂಟ್ ಲೇಯರನ್ನೂ ಬಿಡಲಿಲ್ಲ. ಮನೆಯವಳಿಗೆ ಓದಿಸಿದೆ. "ಮೇಲಿನ ಪದರದ ಪರಿಣಾಮ ಕೆಳಗಿನ ಪದರಗಳ ಮೇಲೆ ಆಗುತ್ತದೆ" ಅನ್ನುವಲ್ಲಿಗೆ ಬಂದು ನಿಂತಳು. ನಮ್ಮ ಕಡೆ ಪದರ ಅಂದರೆ ಸೀರೆಯ ಸೆರಗು ಕೂಡ ಹೌದು.

"ಇದೇನು ಸೀರಿ ಅಂಗಡಿ ಕೆಲಸ ಹಿಡದೀರೇನ್ರಿ?" ಅಂದಳು. ಮುಂದಿನ ಪುಟದಲ್ಲಿ "ಪರಿಣಾಮವನ್ನು ಒಮ್ಮೆ ಮಾತ್ರ ಹಚ್ಚಿ" ಅಂತಿತ್ತು. "ದಿನಕ್ಕೋ, ಊಟ ಆದ ಮ್ಯಾಲೋ?"

ಎಲ್ಲ ಹೊಡೆದುಹಾಕಿ ಲೇಯರ್, ಎಫೆಕ್ಟ್ ಅಂತಲೇ ಬರೆದೆ. ಶಹನಾಯಿ ಮುಟ್ಟಬಾರದು ಅನ್ನೋದಕ್ಕೆ ಕೆಳಗೆ ಎರಡು ಗೆರೆ ಎಳೆದೆ. ಸ್ಕ್ರಿಪ್ಟನ್ನು ತಿದ್ದಿದರೆ ಈ ಗೆರೆಗಳೇ ಬೇಕಾಗಿರಲಿಲ್ಲ. ಆದರೆ ಆಗ ರಾತ್ರಿ ಎರಡಾಗಿತ್ತು.

ಬೆಳಿಗ್ಗೆ ಗಂಡಿನ ತಂದೆ ಸ್ಟುಡಿಯೊ ಮೆಟ್ಟಿಲು ಹತ್ತಿ ಬಂದರು. ಸ್ಯಾಂಪಲ್ ಎರಡೂ ಮನೆಗೆ ಹೋಗಿತ್ತಲ್ಲ.

"ಖರ್ಚು ಅರ್ಧಾ ಅರ್ಧಾ ಹಾಕೀವಿ. ಬೆಳಕು ಮಾತ್ರ ಅವರಿಗೇ ಏನ್ರಿ?"

ಕುರ್ಚಿ ಕೊಟ್ಟು, ಚಹಾ ತರಿಸಿದೆ. ಅದು ತಪ್ಪಾಗಿ ಆದದ್ದು, ಹೆಣ್ಣಿನ ಕಡೆಯದನ್ನು ತೆಗೆದು ಇಬ್ಬರಿಗೂ ಒಂದೊಂದೇ ಇಡುತ್ತೇನೆ ಅಂದೆ. ಅಷ್ಟರಲ್ಲಿ ಹೆಣ್ಣಿನ ಕಡೆಯಿಂದ ಫೋನ್. ವಿಡಿಯೊ ಭಾಳ ಹಿಡಿಸಿದೆ, ಏನೂ ಬದಲಾಯಿಸಬಾರದು, ಸೋದರಮಾವ ಆಗಲೇ ಹೈದರಾಬಾದಿನವರಿಗೆಲ್ಲ ತೋರಿಸಿದ್ದಾರಂತೆ.

ಗಂಡಿನ ತಂದೆ ಬಸಿಯಲ್ಲಿ ಚಹಾ ಹುಯ್ದುಕೊಂಡು, ಎಲ್ಲವನ್ನೂ ಕೇಳಿಸಿಕೊಂಡು, ಹುಡುಗನ ಕಡೆ ತಿರುಗಿದರು.

"ಅವರಿಗೆ ಎಷ್ಟು ಹಚ್ಚೀಯೋ ತಮ್ಮಾ?"

"ನಾಕು ರಿ."

"ನಮಗ ಐದು ಹಚ್ಚು."

ಕೈಪಿಡಿ ಈಗಲೂ ಮಾನಿಟರಿನ ಪಕ್ಕ ಗೋಡೆಗೆ ಅಂಟಿದೆ. "ಬಟನ್ ಒಂದೇ ಸಲ ಒತ್ತಬೇಕು" ಅಂತ ನಾನು ಬರೆದ ಸಾಲಿನ ಮುಂದೆ ಹುಡುಗ ಪೆನ್ಸಿಲಿನಲ್ಲಿ ಸೇರಿಸಿದ್ದಾನೆ: "ಬೀಗರು ಬಂದ್ರ ಅವರಿಗೆ ಕೇಳಿ."