ತಟ್ಟೆ ಮುಂದೆ ಆ ಮಾತು ಬೇಡ

ನನ್ನ ಮಗಳಿಗೆ 3 ವರ್ಷ ತುಂಬಿದೆ. ಮನೆಗೆ ಬಂದವರೆಲ್ಲ ಅವಳ ಎದುರೇ ಹೇಳುವ ಮಾತು ಒಂದೇ: "ಅಯ್ಯೋ, ಇವಳು ತರಕಾರಿ ಮುಟ್ಟೋದೇ ಇಲ್ಲ ಅಲ್ವಾ?" ಕೇಳಿ ಕೇಳಿ ನನಗೆ ಸಾಕಾಗಿದೆ. ಮಗುವಿಗೆ ಕಿವಿ ಇಲ್ವಾ?

ಕಳೆದ ಭಾನುವಾರ ಗಾಂಧಿ ಬಜಾರಿಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಹುರುಳಿಕಾಯಿ ಅವಳೇ ಆರಿಸಿದಳು. ಮನೆಯಲ್ಲಿ ನನ್ನ ಪಕ್ಕ ಕೂತು ಒಂದೊಂದನ್ನೇ ಮುರಿದು, ನಾರು ತೆಗೆದು ಕೊಟ್ಟಳು. ಪಲ್ಯ ಆದ ಮೇಲೆ ಒಂದು ತುಂಡನ್ನು ಮೂಸಿ ನೋಡಿದಳು, ನಾಲಿಗೆಯ ತುದಿಗೆ ತಾಗಿಸಿದಳು, ತಟ್ಟೆಯ ಅಂಚಿಗೆ ಇಟ್ಟಳು. ನನಗೆ ಅಷ್ಟೇ ಸಾಕಿತ್ತು. ಅಷ್ಟರಲ್ಲಿ ನೆಂಟರೊಬ್ಬರು, "ನಾನು ಹೇಳಲಿಲ್ವಾ? ಇವಳಿಗೆ ಮೊಸರನ್ನವೇ ಸರಿ" ಅಂದುಬಿಟ್ಟರು. ಮಗಳು ತಟ್ಟೆ ಸರಿಸಿ ಎದ್ದು ಹೋದಳು. ತುಂಬಾ ಬೇಜಾರಾಯಿತು.

2ರಿಂದ 6ರ ವಯಸ್ಸಿನಲ್ಲಿ ಹೊಸ ಊಟಕ್ಕೆ ಹಿಂಜರಿಯೋದು ಸಹಜ. ಕಹಿಯಂತೂ ಹುಟ್ಟಿದಾಗಿನಿಂದಲೇ ಬೇಡ. ಒಂದು ರುಚಿ ಒಗ್ಗಲು 8ರಿಂದ 15 ಸಲ ಬೇಕಾಗಬಹುದು. ನಾವು ಎರಡೇ ಸಲಕ್ಕೆ ಕೈಬಿಡುತ್ತೇವೆ.

ಇನ್ನು ಸಂಜೆ ಏಳಕ್ಕೆ, ಊಟಕ್ಕೆ ಮುಂಚೆ, ಪ್ರೀತಿಯಿಂದಲೇ ಕ್ರೀಮ್ ಬಿಸ್ಕೆಟ್ ಕೈಗಿಡುವವರು! ಹೊಟ್ಟೆ ತುಂಬಿದ ಮಗು ಬಸ್ಸಾರು ಅನ್ನ ಯಾಕೆ ತಿನ್ನುತ್ತೆ? "ಪಲ್ಯ ತಿಂದರೆ ಚಾಕೊಲೇಟ್" ಅನ್ನೋ ಲಂಚವೂ ಬೇಡ. ಪಲ್ಯ ಅಂದರೆ ಶಿಕ್ಷೆ ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತೆ.

ದಯವಿಟ್ಟು ಅವಳ ಪಕ್ಕ ಕೂತು ನೀವೂ ಅದೇ ಪಲ್ಯ ತಿನ್ನಿ. ಅವಳು ಬಿಟ್ಟರೆ ಬಿಡಲಿ. ನಾಳೆ ಮತ್ತೆ ಎರಡು ತುಂಡು ಬಡಿಸುತ್ತೇನೆ.