ತಂಬೂರಿ ಕೇಳಿಸದ ಇಯರ್‌ಫೋನ್ ನನಗೆ ಬೇಡ

ಎರಡು ವಾರಗಳಿಂದ ನನ್ನ ಮೇಜಿನ ಮೇಲೆ ಎರಡು ಪುಟ್ಟ ಡಬ್ಬಿಗಳಿವೆ. ಎರಡರಲ್ಲೂ ಇರುವುದು ಇಯರ್‌ಫೋನ್. ಒಂದು ಸೆನ್‌ಹೈಸರ್ ಐಇ 900, ಅಮೆರಿಕದಲ್ಲಿ ಬಿಡುಗಡೆಯಾದಾಗ ಸುಮಾರು 1,300 ಡಾಲರ್ ಬೆಲೆಯದು. ಇನ್ನೊಂದು 64 ಆಡಿಯೋದ ಯು12ಟಿ, ಸುಮಾರು 2,000 ಡಾಲರ್. ನನ್ನವಲ್ಲ. ಬೆಂಗಳೂರಿನ ಸ್ನೇಹಿತರೊಬ್ಬರು ಮೈಸೂರಿನಲ್ಲಿ ದಸರಾ ಮುಗಿಸಿಕೊಂಡು ಹೊರಡುವಾಗ, “ನೀವು ವೀಣೆ ಕಲಿತವರು, ನಿಮ್ಮ ಕಿವಿಗೆ ಏನನ್ನಿಸುತ್ತದೆ ಹೇಳಿ” ಎಂದು ಕೊಟ್ಟು ಹೋದರು. ನಾಳೆ ಹಿಂದಿರುಗಿಸಬೇಕು. ಅದಕ್ಕೆ ಮೊದಲು ಕೇಳಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ.

ಇಂಥ ಇಯರ್‌ಫೋನ್‌ಗಳ ವಿಮರ್ಶೆಗಳನ್ನು ನಾನು ವರ್ಷಗಳಿಂದ ಓದುತ್ತಿದ್ದೇನೆ, ನೋಡುತ್ತಿದ್ದೇನೆ. ಡ್ರಮ್ಸ್ ಹೇಗೆ ಬಡಿಯಿತು, ಗಿಟಾರ್ ಎಷ್ಟು ದೂರದಲ್ಲಿ ನಿಂತಿತು, ಬೇಸ್ ಎಷ್ಟು ಆಳಕ್ಕೆ ಇಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ತಂಬೂರಿ ಹೇಗೆ ಕೇಳಿಸಿತು ಎಂದು ಹೇಳಿದವರನ್ನು ನಾನು ಕಂಡಿಲ್ಲ. ನಮ್ಮ ಸಂಗೀತದಲ್ಲಿ ಎಲ್ಲಕ್ಕಿಂತ ಮೊದಲು ಶುರುವಾಗುವುದು, ಎಲ್ಲರೂ ನಿಲ್ಲಿಸಿದ ಮೇಲೂ ನುಡಿಯುವುದು ತಂಬೂರಿ. ಅದನ್ನು ಸರಿಯಾಗಿ ಕೇಳಿಸದ ಇಯರ್‌ಫೋನ್ ಎಷ್ಟೇ ದುಬಾರಿಯಾಗಿದ್ದರೂ ನನ್ನ ಪಾಲಿಗೆ ಪ್ರಯೋಜನವಿಲ್ಲ.

ಒಂದು ಮನೆ ಶ್ರುತಿಗೆ ಕೂಡಿಸಿದ ಗಂಡು ಧ್ವನಿಯ ತಂಬೂರಿಯನ್ನು ತೆಗೆದುಕೊಳ್ಳಿ. ಮಂದ್ರದ ತಂತಿ ಸುಮಾರು 65 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಮೊಬೈಲಿನ ಸ್ಪೀಕರ್‌ಗೆ ಆ ಮೂಲಸ್ವರವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಮೂಲಸ್ವರದ ಜೊತೆಗೇ ಅದರ ಮೇಲೆ ಹುಟ್ಟುವ ಅನುಸ್ವರಗಳನ್ನು ಕೇಳಿ ನಮ್ಮ ಮಿದುಳು ಕೆಳಗಿನದನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ತಂಬೂರಿಯ ಜೀವವಿರುವುದೂ ಆ ಅನುಸ್ವರಗಳಲ್ಲಿಯೇ. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ನೂಲು ಸಿಕ್ಕಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ನಾದ ಇದ್ದಕ್ಕಿದ್ದಂತೆ ಅರಳಿಕೊಳ್ಳುತ್ತದೆ. ಜೀವಾಳಿ ಸಿಕ್ಕಿತು ಎನ್ನುವುದು ಆಗಲೇ. ಸಿ.ವಿ. ರಾಮನ್ 1921ರಷ್ಟು ಹಿಂದೆಯೇ ತಂಬೂರಿ ಮತ್ತು ವೀಣೆಯ ಕುದುರೆಯ ಬಗ್ಗೆ ಪ್ರಬಂಧ ಬರೆದಿದ್ದಾರೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಅನುಸ್ವರಗಳು ಹುಟ್ಟಬಾರದು ಎನ್ನುವುದು ಆಗಿನ ನಿಯಮ. ನಮ್ಮ ವಾದ್ಯಗಳಲ್ಲಿ ಅವೂ ಬಲವಾಗಿ ಕೇಳುತ್ತವೆ, ಅದಕ್ಕೆ ಕುದುರೆಯ ಬಾಗಿದ ಅಗಲವಾದ ಮೈಯೇ ಕಾರಣ ಎಂದು ಅವರು ತೋರಿಸಿದರು.

ಮೂರು ವರ್ಷದ ಹಿಂದೆ 4,000 ರೂಪಾಯಿ ಕೊಟ್ಟು ಕೊಂಡ ನನ್ನ ಇಯರ್‌ಫೋನಿನಲ್ಲಿ ಇದೇ ತಂಬೂರಿ, ಗಾಯಕರ ಹಿಂದೆ ಹರಡಿದ ಒಂದು ಮಬ್ಬು ಪರದೆ. ‘ಪ ಸ ಸ ಸ’ ಎಂಬ ನಾಲ್ಕು ಮೀಟುಗಳು ಬೇರೆಬೇರೆಯಾಗಿ ಕೇಳುವುದೇ ಇಲ್ಲ. ಐಇ 900ನ್ನು ಹಾಕಿಕೊಂಡ ಮೊದಲ ರಾತ್ರಿ, ಸರಸ್ವತಿಪುರಂನ ನಮ್ಮ ಮನೆಯಲ್ಲಿ ಫ್ಯಾನ್ ಆರಿಸಿ ಕುಳಿತು ಅದೇ ಧ್ವನಿಮುದ್ರಣವನ್ನು ಹಾಕಿದೆ. ಗಾಯಕರು ಬಾಯಿ ತೆರೆಯುವ ಮುಂಚಿನ ಅರ್ಧ ನಿಮಿಷವನ್ನು ನಾಲ್ಕು ಸಲ ಹಿಂದಕ್ಕೆ ಓಡಿಸಿ ಕೇಳಿದೆ. ಪಂಚಮದ ತಂತಿಯಿಂದ ಎದ್ದ ನಾದ ಇನ್ನೂ ಇಳಿಯುತ್ತಿರುವಾಗಲೇ ಷಡ್ಜ ಅದರ ಮೇಲೆ ಬಂದು ಕೂರುತ್ತದೆ, ಎರಡೂ ಸೇರಿದ ಕಡೆ ಮೇಲೆಲ್ಲೋ ಅಂತರ ಗಾಂಧಾರ ತಾನಾಗಿಯೇ ಮಿನುಗುತ್ತದೆ. ತಂಬೂರಿಯಲ್ಲಿ ಗಾಂಧಾರ ಕೇಳಬೇಕು ಎಂದು ಹುಡುಗನಾಗಿದ್ದಾಗ ನನ್ನ ವೀಣೆ ಟೀಚರ್ ಹೇಳುತ್ತಿದ್ದರು. ಧ್ವನಿಮುದ್ರಣವೊಂದರಲ್ಲಿ ಅದು ನನಗೆ ಕೇಳಿದ್ದು ಇದೇ ಮೊದಲು.

ಇವು ಕೆಲಸ ಮಾಡುವ ಬಗೆಯನ್ನೂ ಒಂದಿಷ್ಟು ಹೇಳಬೇಕು. ಐಇ 900ರಲ್ಲಿ ಒಂದು ಕಿವಿಗೆ ಒಂದೇ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಭಾಗ. 7 ಮಿಲಿಮೀಟರ್ ಅಗಲದ ಪೊರೆ ಸ್ಪೀಕರಿನಂತೆಯೇ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಹೊರಗಿನ ಕವಚವನ್ನು ಒಂದೇ ಅಲ್ಯೂಮಿನಿಯಂ ತುಂಡಿನಿಂದ ಕೊರೆದು ತೆಗೆದಿದ್ದಾರೆ. ಯು12ಟಿಯಲ್ಲಿ ಒಂದೊಂದು ಕಿವಿಗೆ ಹನ್ನೆರಡು ಡ್ರೈವರ್‌ಗಳು. ಅವು ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಜಾತಿಯವು: ಅಯಸ್ಕಾಂತಗಳ ನಡುವೆ ಒಂದು ಪುಟ್ಟ ಲೋಹದ ನಾಲಗೆ ಅದುರುತ್ತದೆ. ಇಂಥ ಪುಟ್ಟ ಡ್ರೈವರ್‌ಗಳು ಸಂಗೀತಕ್ಕೆ ಬರುವ ಮುನ್ನ ಶ್ರವಣಸಾಧನಗಳಲ್ಲಿ ಕೆಲಸ ಮಾಡುತ್ತಿದ್ದವು. ಸಂಗೀತಕ್ಕಾಗಿ ಅದನ್ನು ಬಳಸಿದ ಎಟಿಮೋಟಿಕ್ ಇಆರ್-4 ಇಯರ್‌ಫೋನ್ 1991ರಲ್ಲಿ ಬಂತು, ಅದನ್ನು ರೂಪಿಸಿದ ಮೀಡ್ ಕಿಲಿಯನ್ ಶ್ರವಣಸಾಧನದ ಕ್ಷೇತ್ರದಿಂದಲೇ ಬಂದವರು. ಮೈಸೂರಿನವರಿಗೆ ಈ ನಂಟು ಹೊಸದಾಗಿ ತೋರಬಾರದು. ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯ ಮುಂದೆ, ಕಿವಿಯ ಅಚ್ಚು ತೆಗೆಸಿಕೊಳ್ಳಲು ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ವೇದಿಕೆಯ ಗಾಯಕರಿಗೆಂದು ಅಳತೆ ಕೊಟ್ಟು ಮಾಡಿಸುವ ಇಯರ್‌ಫೋನಿಗೂ ಕಿವಿಯ ಅಚ್ಚು ತೆಗೆಯುವುದು ಅದೇ ರೀತಿಯಲ್ಲಿ.

ನನ್ನ ಕಿವಿಯ ಬಗ್ಗೆಯೂ ಹೇಳಿಬಿಡುತ್ತೇನೆ. ನನಗೆ 48 ವರ್ಷ. ಕಳೆದ ವರ್ಷ ಮಾಡಿಸಿದ ಶ್ರವಣ ಪರೀಕ್ಷೆಯಲ್ಲಿ ಎಡಗಿವಿಯ ಗೆರೆ 6,000 ಹರ್ಟ್ಸ್‌ನಿಂದಾಚೆಗೆ ಕೊಂಚ ಇಳಿದಿತ್ತು. ನಾನು ಮೇಲಿನ ಸ್ವರಗಳ ಬಗ್ಗೆ ಹೇಳುವುದನ್ನು ಇಪ್ಪತ್ತರ ಹರೆಯದವರು ತಮ್ಮ ಕಿವಿಯಿಂದ ತಿದ್ದಿಕೊಳ್ಳಬೇಕು.

ಕಿವಿಗೆ ಕೂರಿಸಿಕೊಳ್ಳುವುದರಲ್ಲೇ ಮೊದಲ ಮೂರು ದಿನ ಕಳೆದವು. ಇದನ್ನು ಜನ ಕಡೆಗಣಿಸುತ್ತಾರೆ, ಆದರೆ ಅರ್ಧ ಸಂಗೀತ ಇರುವುದು ಇಲ್ಲೇ. ಮಧ್ಯಮ ಅಳತೆಯ ಸಿಲಿಕಾನ್ ತುದಿ ನನ್ನ ಬಲಗಿವಿಗೆ ಸರಿಹೋಯಿತು, ಎಡಗಿವಿಗೆ ಹೋಗಲಿಲ್ಲ. ಎಲ್ಲೋ ಒಂದು ಕೂದಲೆಳೆಯಷ್ಟು ಸಂದಿ ಉಳಿದರೂ ಸಾಕು, ಕೆಳಗಿನ ಸ್ವರಗಳೆಲ್ಲ ಅಲ್ಲಿಂದ ಸೋರಿಹೋಗುತ್ತವೆ. ಮೃದಂಗದ ಎಡ ಭಾಗ ತಗಡಿನ ಡಬ್ಬಿಯಾಗುತ್ತದೆ. ಎಡಕ್ಕೆ ದೊಡ್ಡ ತುದಿ, ಬಲಕ್ಕೆ ಮಧ್ಯಮ ಹಾಕಿ, ಕಿವಿಯ ಹಾಲೆಯನ್ನು ಹಿಂದಕ್ಕೆಳೆದು ನಿಧಾನವಾಗಿ ತಿರುಗಿಸುತ್ತಾ ಒಳಗೆ ಕೂರಿಸಿದಾಗ ಇದ್ದಕ್ಕಿದ್ದಂತೆ ಹೊರಗಿನ ರಸ್ತೆ ದೂರ ಸರಿಯಿತು. ಮೃದಂಗದ ಗುಮಕಿ ಎದೆಯ ಹತ್ತಿರ ಬಂತು. ಲಕ್ಷ ರೂಪಾಯಿಯ ವಸ್ತುವನ್ನು ಕೊಂಡು, ಪೆಟ್ಟಿಗೆಯಲ್ಲಿ ಬಂದ ತುದಿಯನ್ನೇ ಹಾಗೆಯೇ ಸಿಕ್ಕಿಸಿಕೊಂಡು, ಇದರಲ್ಲಿ ಬೇಸ್ ಇಲ್ಲ ಎನ್ನುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ವೀಣೆ. ಎರಡು ವಾರದಲ್ಲಿ ಹೆಚ್ಚು ಹೊತ್ತು ಕೇಳಿದ್ದು ಅದನ್ನೇ, ಅದರಲ್ಲೂ ದೊರೆಸ್ವಾಮಿ ಅಯ್ಯಂಗಾರರನ್ನು. ವೀಣೆಯಲ್ಲಿ ಒಂದು ಸಲ ಮೀಟಿ, ಆ ನಾದ ಆರುವುದರೊಳಗೆ ಎಡಗೈಯಿಂದ ತಂತಿಯನ್ನು ಎಳೆದು ಎರಡು, ಮೂರು, ಕೆಲವೊಮ್ಮೆ ನಾಲ್ಕು ಸ್ವರಗಳನ್ನು ತೆಗೆಯುತ್ತಾರೆ. ಸ್ವರವನ್ನು ಹೀಗೆ ಅಲುಗಿಸಿ ಜಾರಿಸುವ ಗಮಕ ಹುಟ್ಟುವುದು ಮೀಟಿನಲ್ಲಲ್ಲ, ಮೀಟಿದ ಮೇಲೆ ತೆಳುವಾಗುತ್ತಾ ಹೋಗುವ ನಾದದಲ್ಲಿ. ಯಾವ ಇಯರ್‌ಫೋನ್ ಆ ತೆಳುವಾದ ಬಾಲವನ್ನು ಬೇಗ ಮೊಟಕುಮಾಡುತ್ತದೋ ಅದು ಸ್ವರವನ್ನಷ್ಟೇ ಅಲ್ಲ, ರಾಗವನ್ನೇ ಮೊಟಕುಮಾಡಿದಂತೆ. ತೋಡಿ ರಾಗದ ಗಾಂಧಾರ ಅಲುಗುವುದು ನಾದದ ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಕೇಳಿಸದಿದ್ದರೆ ಅದು ತೋಡಿಯೇ ಅಲ್ಲ.

ಈ ಪರೀಕ್ಷೆಯಲ್ಲಿ ನನ್ನ ಕಿವಿ ಐಇ 900ನ್ನೇ ಆರಿಸಿತು. ಉಗುರು ತಂತಿಯನ್ನು ಬಿಟ್ಟ ಸದ್ದು, ಅದರ ಹಿಂದೆಯೇ ಕೊಡದಿಂದ ಎದ್ದ ತುಂಬು ನಾದ, ಆಮೇಲೆ ತಂತಿ ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಜಾರುವಾಗಿನ ಸಣ್ಣ ಉಜ್ಜು, ಎಲ್ಲವೂ ಒಂದೇ ಮರದಿಂದ ಬಂದಂತೆ ಕೇಳಿದವು. ತಾಳದ ತಂತಿಗಳನ್ನು ಕಿರುಬೆರಳಿನಿಂದ ಮೀಟಿದಾಗ ಅವು ಪಕ್ಕದಲ್ಲಿ ನಿಂತವು, ಮುಂದೆ ನುಗ್ಗಲಿಲ್ಲ. ಪಿಟೀಲು ತಾರಸ್ಥಾಯಿಗೆ ಏರಿದಾಗ ಮಾತ್ರ ಕಮಾನಿನ ಉಜ್ಜು ನನ್ನ ರುಚಿಗಿಂತ ಕೊಂಚ ಮುಂದೆ ಬರುತ್ತದೆ.

ಯು12ಟಿಯ ಗುಣವೇ ಬೇರೆ. ವಾರಾಂತ್ಯದಲ್ಲಿ ತನಿ ಆವರ್ತನವೊಂದನ್ನು, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗವನ್ನು, ಹಾಕಿದೆ: ಮೃದಂಗ, ಘಟ, ಖಂಜರಿ. ಮೂವರೂ ಒಟ್ಟಿಗೆ ಕೊನೆಯ ಲಯದ ಹೆಣಿಗೆಯಾದ ಕೋರ್ವೆ ನುಡಿಸುವಾಗ ಸಾಮಾನ್ಯವಾಗಿ ಕಿವಿಯಲ್ಲಿ ಗದ್ದಲವಾಗುವ ಜಾಗ ಅದು. ಇದರಲ್ಲಿ ಗದ್ದಲವೇ ಇಲ್ಲ. ಘಟದ ಕೊರಳಿನ ಮೇಲೆ ಬಿದ್ದ ಬೆರಳು ಯಾವುದು, ಹೊಟ್ಟೆಯ ಮೇಲೆ ಬಿದ್ದ ಅಂಗೈ ಯಾವುದು ಎಂದು ಬೇರೆಬೇರೆ ಹೇಳಬಹುದು. ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸ್ ಗಣಪತಿ ಉತ್ಸವದ ಕಛೇರಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತರೂ ನನಗೆ ಇಷ್ಟು ಬಿಡಿಬಿಡಿಯಾಗಿ ಕೇಳಿದ್ದಿಲ್ಲ. ಗಾಯಕರ ಧ್ವನಿಯೂ ಹಿತವಾಗಿತ್ತು. ಇದು ಸುಲಭದ ಮಾತಲ್ಲ. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ್ದು, ಅದು ತೆರೆದಿದ್ದಾಗ 3,000 ಹರ್ಟ್ಸ್‌ನ ಆಸುಪಾಸಿನ ಸದ್ದನ್ನು ತಾನಾಗಿಯೇ ಹಿಗ್ಗಿಸುತ್ತದೆ. ಇಯರ್‌ಫೋನ್ ಬಾಯಿ ಮುಚ್ಚಿದ ಕೂಡಲೇ ಆ ಸಹಜ ಹಿಗ್ಗು ಕೆಡುತ್ತದೆ, ತಯಾರಿಸಿದವರು ಅದನ್ನು ಅಂದಾಜು ಮಾಡಿ ತುಂಬಿಕೊಡಬೇಕು. ಹೆಚ್ಚು ತುಂಬಿದರೆ ಗಾಯಕಿ ಕಿರುಚಿದಂತೆ, ಕಡಿಮೆ ತುಂಬಿದರೆ ಕಂಬಳಿ ಹೊದ್ದು ಹಾಡಿದಂತೆ. ಇದರಲ್ಲಿ ಆ ಅಳತೆ ಸರಿಯಾಗಿ ಬಿದ್ದಿದೆ. ಆದರೂ ವೀಣೆಗೆ ಬಂದಾಗ ನಾದ ನನಗೆ ಒಂದು ಕ್ಷಣ ಬೇಗ ಮುಗಿದಂತೆ ಅನ್ನಿಸಿತು. ಕಿವಿಯೊಳಗಿನ ಗಾಳಿಯ ಒತ್ತಡ ಬಿಡಲು ಇದರಲ್ಲಿರುವ ಪುಟ್ಟ ಬಿಲ್ಲೆಯನ್ನು ಬದಲಿಸಿದಾಗ ಬೇಸ್ ಹೆಚ್ಚಿತು, ಆ ಅನಿಸಿಕೆ ಹೋಗಲಿಲ್ಲ. ಇದನ್ನು ದೋಷವೆಂದು ಹೇಳುತ್ತಿಲ್ಲ. ಲಯವೇ ಮುಖ್ಯವಾದವರು ಇದನ್ನೇ ಆರಿಸಿಕೊಂಡರೆ ಅವರ ಆಯ್ಕೆ ಸರಿಯೆಂದೇ ನಾನು ಹೇಳುತ್ತೇನೆ.

ಹೋಲಿಸುವಾಗ ಎರಡರ ಸದ್ದಿನ ಮಟ್ಟವನ್ನೂ ಒಂದೇ ಮಾಡಿಕೊಂಡಿದ್ದೆ. ಕೊಂಚ ಜೋರಾಗಿರುವುದೇ ಚೆನ್ನಾಗಿದೆ ಎಂದು ಎಲ್ಲರ ಕಿವಿಯೂ ಮೋಸಹೋಗುತ್ತದೆ. ಕೇಬಲ್‌ಗಳನ್ನು ಬದಲಿಸಿ ನೋಡಿದೆ, ನನಗೆ ಏನೂ ವ್ಯತ್ಯಾಸ ಕೇಳಲಿಲ್ಲ.

ಚೌಡಯ್ಯನವರ ಹಳೆಯ ಧ್ವನಿಮುದ್ರಣವನ್ನೂ ಕೇಳಿದೆ. ಮೈಕ್ ಇಲ್ಲದ ಕಾಲದ ಸಭೆಯಲ್ಲಿ ಕೊನೆಯ ಸಾಲಿಗೂ ಕೇಳಲೆಂದು ಅವರು ಪಿಟೀಲಿಗೆ ಏಳು ತಂತಿ ಕಟ್ಟಿದರು ಎನ್ನುವುದು ನಮ್ಮೂರಿನ ಮಕ್ಕಳಿಗೂ ಗೊತ್ತು. ಮುದ್ರಣದಲ್ಲಿ ಕರಕರ ಸದ್ದು ತುಂಬಿದೆ. ಒಳ್ಳೆಯ ಇಯರ್‌ಫೋನ್ ಆ ಕರಕರವನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಐದು ನಿಮಿಷ ತಾಳ್ಮೆಯಿಂದ ಕುಳಿತರೆ ಕಿವಿ ಅದನ್ನು ಪಕ್ಕಕ್ಕಿಡುತ್ತದೆ, ಆಮೇಲೆ ಜೋಡಿ ತಂತಿಗಳಲ್ಲಿ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಎದ್ದು ಬರುತ್ತದೆ. ಮೈ ಜುಮ್ಮೆಂದಿತು.

ಕೇಳುವುದಕ್ಕೆ ಇಷ್ಟು ಹಣವೇ ಎಂದು ಮನೆಯಲ್ಲೂ ಕೇಳಿದರು, ಇಲ್ಲೂ ಕೇಳುತ್ತೀರಿ. ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನನ್ನಿಂದಲೂ ಈಗ ಆಗುವುದಿಲ್ಲ. ಆದರೆ ಕೇಳುವುದನ್ನು ಶೋಕಿ ಎಂದು ತಳ್ಳಿಹಾಕುವುದನ್ನು ಈ ಊರಿನಲ್ಲಿ ನಾನು ಒಪ್ಪುವುದಿಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರುಮಾಡಿದ ಊರು ಇದು. ದೂರದ ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಗಾರ ಮೆಟ್ನರ್ ತಮ್ಮ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಆ ಮುದ್ರಣಗಳು ಇಂದಿಗೂ ಕೇಳಲು ಸಿಗುತ್ತವೆ.

ಒಂದು ಎಚ್ಚರಿಕೆ. ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಹೊರಗಿನ ಗದ್ದಲವನ್ನು ತಡೆಯುವುದರಿಂದ ಕಡಿಮೆ ಸದ್ದಿನಲ್ಲೇ ಎಲ್ಲವೂ ಕೇಳುತ್ತದೆ. ಅದೇ ಕಾರಣಕ್ಕೆ ರಸ್ತೆಯಲ್ಲಿ ನಡೆಯುವಾಗ ಇದನ್ನು ಹಾಕಿಕೊಳ್ಳಬೇಡಿ.

ನಿನ್ನೆ ಸಂಜೆ ಕೃಷ್ಣಮೂರ್ತಿಪುರಂಗೆ ಹೋಗಿದ್ದೆ, ಟೀಚರ್ ಮನೆಗೆ. ನನಗೆ ಆರು ವರ್ಷ ವೀಣೆ ಹೇಳಿಕೊಟ್ಟವರು. ಈಗ 76 ವರ್ಷ, ಎದುರಿಗೆ ಕುಳಿತು ಮಾತಾಡಿದರೂ ಕೆಲವೊಮ್ಮೆ ಎರಡು ಸಲ ಹೇಳಬೇಕು. ಈ ವಿಜಯದಶಮಿಯ ದಿನ ಅವರು ನುಡಿಸಿದ್ದನ್ನು ನಾನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆ. ಐಇ 900ಕ್ಕೆ ಚಿಕ್ಕ ತುದಿ ಹಾಕಿ, ಓಲೆಗೆ ತಗಲದಂತೆ ನಾನೇ ಅವರ ಕಿವಿಗೆ ಕೂರಿಸಿದೆ. ಕಣ್ಣು ಮುಚ್ಚಿದರು. ಎಡಗೈ ಬೆರಳುಗಳು ಸೆರಗಿನ ಅಂಚಿನ ಮೇಲೆ ತಾವಾಗಿಯೇ ಓಡಾಡತೊಡಗಿದವು. ಮೂರು ನಿಮಿಷವಾಗಿರಬೇಕು, ಹುಬ್ಬು ಗಂಟಿಕ್ಕಿತು.

“ಇನ್ನೊಂದು ಸಲ ಹಾಕಪ್ಪಾ.”

ಹಾಕಿದೆ. ಅದೇ ಜಾಗಕ್ಕೆ ಬಂದಾಗ ಬೆರಳು ನಿಂತಿತು.

“ಮಧ್ಯಮದ ಮೆಟ್ಟಿಲು ತಂತಿಗೆ ತಗಲುತ್ತಿದೆ. ಮೆಟ್ಟಿಲು ಕೂರಿಸಿದ ಮೇಣ ಸಡಿಲವಾಗಿರಬೇಕು. ಮೇಳ ಕಟ್ಟಿಸಿ ಒಂಬತ್ತು ವರ್ಷವಾಯಿತಲ್ಲ. ದಿನಾ ನುಡಿಸುತ್ತೇನೆ, ನನಗೆ ತಿಳಿಯಲೇ ಇಲ್ಲ ನೋಡು.”

“ನನಗೆ ಏನೂ ಕೇಳಲಿಲ್ಲ ಟೀಚರ್” ಎಂದೆ.

ಅವರು ಇಯರ್‌ಫೋನನ್ನು ಬಿಚ್ಚಿ ನನ್ನ ಕೈಗಿಟ್ಟರು. ಮೂಲೆಯಲ್ಲಿದ್ದ ವೀಣೆಯ ಗವಸು ತೆಗೆದು, ಗೋಡೆಗೆ ಒರಗಿ ಕುಳಿತು, ಆ ಮೆಟ್ಟಿಲಿನ ಮೇಲೆ ಬೆರಳಿಟ್ಟು ಒಮ್ಮೆ ಮೀಟಿದರು. ನಾದ ಇಳಿಯುತ್ತಾ ಬಂದು, ಇನ್ನೇನು ಆರಬೇಕು ಎನ್ನುವ ಹೊತ್ತಿಗೆ, ದೂರದಲ್ಲಿ ದುಂಬಿ ಸುಳಿದಷ್ಟು ಸಣ್ಣದಾಗಿ ಕೇಳಿಸಿತು.